ಜಯಶೀಲಾಳ ಎಡಗೈ

"ವೇಲ್ ಸರಿಸ್ರಿ. ಅಳತೆ ತಗಬೇಕು."

ಜಯಶೀಲಾ ಸರಿಸಲಿಲ್ಲ. ಶೇಂಗಾ ಬಿಡಿಸುವ ಯಂತ್ರಕ್ಕೆ ಎಡಗೈ ಸಿಕ್ಕಿ ಹೋದ ಮೇಲೆ, ಆ ಮೋಟು ಮಣಿಕಟ್ಟನ್ನು ಅವ್ವ ತಿಪ್ಪಮ್ಮನ ಹೊರತು ಯಾರಿಗೂ ತೋರಿಸಿರಲಿಲ್ಲ.

"ನೋಡಿದ್ರೆ ಹೆದರ್ಕಂತೀರಿ."

"ಕುರಿ ಕಾಯೋರ ಮನೆಯವ್ನು ಕಣ್ರಿ ನಾನು. ತೋಳ ಕಚ್ಚಿದ ಕುರೀನೇ ನೋಡೀನಿ!"

ಸಿಟ್ಟು ಬರಬೇಕಿತ್ತು. ನಗು ಬಂತು.

"ನನ್ನ ಕುರಿಗೆ ಹೋಲಿಸ್ತೀರೇನ್ರಿ?"

ವೇಲ್ ಸರಿಯಿತು.

ಅವನು ಓಬಳೇಶ್. ಚಿತ್ರದುರ್ಗದಲ್ಲಿ ತ್ರೀಡಿ ಪ್ರಿಂಟರ್ ಇಟ್ಟುಕೊಂಡು ಕೃತಕ ಕೈ ಮಾಡುತ್ತಿದ್ದ. ಒಂದು ಯಂತ್ರ ಪ್ಲಾಸ್ಟಿಕ್ಕನ್ನು ಪದರ ಪದರವಾಗಿ ಕಟ್ಟುತ್ತಿತ್ತು. ಅದನ್ನು ನಡುವೆ ನಿಲ್ಲಿಸಿ, ಇನ್ನೊಂದರಿಂದ ಬೆಳ್ಳಿಯ ಶಾಯಿಯಲ್ಲಿ ಕರೆಂಟು ಹರಿಯುವ ಗೆರೆ ಎಳೆದು, ಚಿಪ್ ಕೂರಿಸಿ, ಮೇಲೆ ಮತ್ತೆ ಪ್ಲಾಸ್ಟಿಕ್ ಮುಚ್ಚುತ್ತಿದ್ದ. ಹೊರಗೆ ಒಂದು ತಂತಿಯೂ ಕಾಣುತ್ತಿರಲಿಲ್ಲ.

ಆ ಕೈ ಬಂದ ಮೇಲೆ ಭರಮಸಾಗರದ ತನ್ನ ಟೈಲರ್ ಅಂಗಡಿಯಲ್ಲಿ ಅವಳು ಮತ್ತೆ ಮಿಷನ್ ತುಳಿದಳು. ಕೈ ಸರಿಪಡಿಸುವ ನೆಪದಲ್ಲಿ ಓಬಳೇಶ್ ಬರುತ್ತಿದ್ದ. 'ನೀವು' ಹೋಗಿ 'ನೀನು' ಆಯಿತು. ಒಂದು ಭಾನುವಾರ ಸಂಜೆ, ಕೆರೆ ಏರಿಯ ಮೇಲೆ, ಆ ಹೊಸ ಕೈಯಿಂದಲೇ ಅವನ ಬೆರಳು ಹಿಡಿದಳು. ಮನೆಗೆ ಹೊರಡುವವರೆಗೂ ಬಿಡಲಿಲ್ಲ.

ಮುಂದಿನ ವಾರ ದುರ್ಗದ ಹೋಟೆಲ್ ಒಂದರಲ್ಲಿ ಆ ಕೈ ತೋರಿಸುವ ಕಾರ್ಯಕ್ರಮ. ಇಟ್ಟಿದ್ದವರು ಅಂಥ ಕೈಗಳನ್ನು ಮಾರಲು ಮುಂದೆ ಬಂದಿದ್ದ ಕಂಪನಿಯವರು. ಕಂಪನಿಯ ರಾಜಶೇಖರ್ ಪರದೆಯ ಮೇಲೆ ಏರಿಳಿಯುವ ಗೆರೆಯೊಂದನ್ನು ತೋರಿಸಿದರು.

"ಒಳಗಿರೋ ಚಿಪ್ ಎಲ್ಲಾ ದಾಖಲು ಮಾಡಿದೆ. ಈ ಭಾನುವಾರ ಸಂಜೆ ನೋಡಿ, ಹಿಡಿತ ಬಿಟ್ಟೇ ಇಲ್ಲ! ಏನೋ ಭಾರ ಹೊತ್ತಿದ್ದೆ, ಅಲ್ವೇನಮ್ಮಾ?"

ಎಲ್ಲರೂ ನಕ್ಕರು.

ಜಯಶೀಲಾ ಓಬಳೇಶನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

'ಇವನಿಗೆ ಗೊತ್ತಿತ್ತು... ನಾನು ಹಿಡಿದಾಗಲೂ ಗೊತ್ತಿತ್ತು!'

ಅವಳು ಎದ್ದು ಹೊರಗೆ ಬಂದಳು. ಓಬಳೇಶ್ ಮೆಟ್ಟಿಲವರೆಗೂ ಓಡಿಬಂದ.

"ಯಾಕ್ ಹೇಳ್ಲಿಲ್ಲ?"

"ಹಿಡಿತ ಸರಿ ಮಾಡಾಕೆ ಅದು ಬೇಕಿತ್ತು ಜಯಾ. ಹೇಳಿದ್ರೆ ಹಾಕ್ಕಳಲ್ಲ ಅಂತ ಭಯ ಆತು."

"ಅವ್ರಿಗ್ಯಾಕೆ ಕೊಟ್ಟೆ?"

"ಕೈ ಕೆಲಸ ಮಾಡ್ತೈತೆ ಅಂತ ಸಾಕ್ಷಿ ಕೇಳಿದ್ರು... ಭಾನುವಾರದ್ದು ಅಳಿಸಿ ಉಳಿದಿದ್ದು ಕೊಡ್ಬೇಕಿತ್ತು. ತೋಚ್ಲಿಲ್ಲ."

"ಚಿಪ್ ತೆಗಿ."

"ಆಗಲ್ಲ. ಪ್ಲಾಸ್ಟಿಕ್ಕಿನ ಒಳಗೇ ಸೇರೈತೆ. ಕೈನೇ ಒಡೀಬೇಕು."

ಅವಳು ಕೈ ಕಳಚಿ ಅವನ ಎದೆಗೆ ಒತ್ತಿದಳು.

"ಒಡಿ. ಇಲ್ಲಾ, ಅವ್ರಿಗೇ ಕೊಡು. ಅವತ್ತು ನಿನ್ನ ಹಿಡಿದಿದ್ದು ಇದು. ನಾನಲ್ಲ!"

ಬಸ್ಸಿನಲ್ಲಿ ಅಳು ಬರಲಿಲ್ಲ. ಆಮೇಲೂ ಬರಲಿಲ್ಲ. ಒಂದೇ ಕೈಯಲ್ಲಿ ಬಟ್ಟೆ ಸರಿಸುತ್ತಾ ಸೊಟ್ಟ ಹೊಲಿಗೆ ಹಾಕುತ್ತಿದ್ದಳು, ಬಿಚ್ಚುತ್ತಿದ್ದಳು.

ಒಂದು ಮಧ್ಯಾಹ್ನ ಓಬಳೇಶ್ ಅಂಗಡಿಗೆ ಬಂದ. ತಿಪ್ಪಮ್ಮ ಬಾಗಿಲಲ್ಲೇ ತಡೆದಳು.

"ಏನಪ್ಪಾ, ಇನ್ನೇನ್ ಅಳೀಬೇಕು? ನನ್ ಮಗಳ ಕಣ್ಣೀರಾ?"

"ಆ ಕೈ ಒಡೆದೆ ಕಣವ್ವ. ಕಂಪನಿಯೋರಿಗೆ ಕೊಡಲ್ಲ ಅಂದೆ. ಅವ್ರ ಹತ್ರ ಇದ್ದ ದಾಖಲೇನೂ ಎದುರಿಗೆ ನಿಂತು ಅಳಿಸಿ ಹಾಕಿಸ್ದೆ. ಹೊಸಾದು ಮಾಡ್ತೀನಿ. ಒಳಗೆ ಏನೇನ್ ಹೋಗ್ತೈತೆ ಅಂತ ಇವ್ಳೇ ಕುಂತು ನೋಡ್ಲಿ. ಬೇಡ ಅಂದಿದ್ದು ಇಡಲ್ಲ."

ಮಿಷನ್ ನಿಂತಿತು.

"ಅವ್ರು ಭಾರ ಅಂದಾಗ ಯಾಕ್ ಸುಮ್ನಿದ್ದೆ?" ಜಯಶೀಲಾ ತಲೆ ಎತ್ತದೆ ಕೇಳಿದಳು.

"ಬಾಯೇ ಬರ್ಲಿಲ್ಲ. ಅದು ಭಾರ ಅಲ್ಲ, ನನ್ ಕೈ ಅನ್ಬೇಕಿತ್ತು. ಇವ್ಳು ಅಂದ್ರೆ ನಂಗೆ ಜೀವ ಅಂತ ಅಲ್ಲೇ ಅನ್ಬೇಕಿತ್ತು."

"ಈಗ ಅಂತಾನೆ, ಪುಣ್ಯಾತ್ಮ!" ತಿಪ್ಪಮ್ಮ ಗೊಣಗುತ್ತಾ ಟೀ ಕಾಯಿಸಲು ಒಳಗೆ ಹೋದಳು.

ಆಗ ಜಯಶೀಲಾಳಿಗೆ ಅಳು ಬಂತು. ತಡೆಯಲಿಲ್ಲ.

"ನಿನ್ನ ಇನ್ನೂ ನಂಬಾಕೆ ಆಗ್ತಿಲ್ಲ ಓಬಳೇಶ..."

"ಗೊತ್ತು."

ಅವಳು ಕಣ್ಣೊರೆಸಿ ಬಲಗೈ ಚಾಚಿದಳು.

"ಇದು ನಂದೇ ಕೈ. ಹಿಡ್ಕ."

ಅವನು ಅಂಜುತ್ತಲೇ ಹಿಡಿದ.

"ಎಷ್ಟೊತ್ತು ಹಿಡ್ಕಳ್ಲಿ?"

"ಲೆಕ್ಕ ಇಡಬೇಡ."