ಕರಗಿಹೋದ ಕುದುರೆ

“ಅಕ್ಕಾ, ಕುದುರಿ ಕಾಲು ಎಲ್ಲಿ ಹೋದ್ವು?”

ಬಸವೇಶ್ವರಿ ನೀರಿನ ಬಟ್ಟಲಿನಿಂದ ಕೈ ತೆಗೆದಳು. ಬೆರಳುಗಳ ನಡುವೆ ಸಕ್ಕರೆ ಕುದುರೆಯ ಮೊಂಡು ಬೆನ್ನಷ್ಟೇ ಉಳಿದಿತ್ತು. ಅದೂ ಜಾರಿ ನೀರಿಗೆ ಬಿತ್ತು.

ಇವತ್ತು ಗೌರಿ ಹುಣ್ಣಿಮೆ. ಸಂಜೆ ಗುಳೇದಗುಡ್ಡದ ಅವರ ಓಣಿಯ ಹುಡುಗಿಯರೆಲ್ಲ ತಟ್ಟೆಯಲ್ಲಿ ಸಕ್ಕರೆ ಗೊಂಬೆ ಇಟ್ಟುಕೊಂಡು ಗೌರಿಗೆ ಆರತಿ ಬೆಳಗಲು ಹೋಗುತ್ತಾರೆ. ತಂಗಿ ಶಿವಗಂಗಾಗೆ ಇದು ಮೊದಲ ಆರತಿ. ಅಜ್ಜಿ ಅಚ್ಚಿಗೆ ಪಾಕ ಹೊಯ್ದು ಅವಳಿಗಾಗಿ ಕುದುರೆ, ಆನೆ ಮಾಡಿದ್ದರು. “ಒಂದ ಕೈಯಾಗ ಹಿಡಿತೀನಿ ನೋಡು” ಎಂದು ತಟ್ಟೆ ಎತ್ತಿ ಕುಣಿದವಳು ಬಸವೇಶ್ವರಿ. ಎರಡೂ ಅಂಗಳದ ಮಣ್ಣಿಗೆ ಬಿದ್ದವು.

“ಆನಿ ಕೊಡು, ತೊಳಿತೀನಿ.”

“ಬ್ಯಾಡ! ಸೊಂಡ್ಲಿ ಹೋಗತೈತಿ.”

“ಮತ್ತ ಮಣ್ಣಿನ ಆನಿ ಒಯ್ತಿಯೇನ?”

“ಕೆಡವಿದಾಕಿ ಯಾರು?”

ಒಳಗೆ ಅವ್ವನ ಮಗ್ಗದ ಸದ್ದು ನಿಂತಿತು. ಇಬ್ಬರೂ ಉಸಿರು ಹಿಡಿದರು. ಸ್ವಲ್ಪ ಹೊತ್ತಿಗೆ ಸದ್ದು ಮತ್ತೆ ಶುರುವಾಯಿತು.

ಬಸವೇಶ್ವರಿ ಬಟ್ಟಲನ್ನೇ ನೋಡುತ್ತ ಕುಳಿತಳು. ಶಾಲೆಯಲ್ಲಿ ಗ್ಲಾಸಿನ ನೀರಿಗೆ ಉಪ್ಪು ಹಾಕುತ್ತ ಹೋದದ್ದು ನೆನಪಾಯಿತು. ಮೊದಮೊದಲು ಕರಗಿತ್ತು. ಕೊನೆಗೆ ಎಷ್ಟು ಕಲಕಿದರೂ ತಳದಲ್ಲೇ ಕೂತಿತ್ತು. “ನೀರು ಇನ್ನ ಸಾಕು ಅನ್ನಾಕತ್ತೈತಿ” ಎಂದು ಟೀಚರ್ ನಕ್ಕಿದ್ದರು.

“ಗಂಗೀ, ಸಕ್ಕರಿ ಡಬ್ಬಿ ತಾ.”

ಕುದುರೆ ಕರಗಿದ ನೀರನ್ನು ಬಟ್ಟೆಯಲ್ಲಿ ಸೋಸಿದಳು. ಮಣ್ಣು ಬಟ್ಟೆಯಲ್ಲೇ ಉಳಿಯಿತು. ಸಕ್ಕರೆ ಹಾಕಿ ಕಲಕಿದಳು. ಮತ್ತೆ ಹಾಕಿದಳು, ಮತ್ತೆ ಕಲಕಿದಳು.

“ಏನ್ರವ್ವಾ, ಪಾನಕದ ಅಂಗಡಿ ಇಟ್ಟೀರೇನು?” ಹಾದುಹೋಗುತ್ತ ಅಜ್ಜಿ ಕೇಳಿದರು.

ಬಸವೇಶ್ವರಿ ಕಲಕುತ್ತಲೇ ಇದ್ದಳು. ಕೊನೆಗೊಮ್ಮೆ ಸಕ್ಕರೆ ಕರಗದೆ ತಳದಲ್ಲಿ ನಿಂತಿತು. “ನೀರಿಗೆ ಸಾಕಾತು. ಇನ್ನ ಆನಿ ಕರಗೂದಿಲ್ಲ, ಕೊಡು” ಎಂದಳು.

“ಸೊಂಡ್ಲಿ ಹೋತಂದ್ರ ನಿನ್ನ ಜೋಡಿ ಮಾತ ಆಡೂದಿಲ್ಲ” ಎನ್ನುತ್ತ ಶಿವಗಂಗಾ ಆನೆ ಕೊಟ್ಟಳು.

ಆನೆ ಮುಳುಗಿತು. ಬಸವೇಶ್ವರಿ ಬೆರಳಿನಿಂದ ಮೆಲ್ಲಗೆ ಸವರಿದಳು. ಮಣ್ಣು ಬಿಟ್ಟುಕೊಂಡಿತು. ಮೇಲೆತ್ತಿದಾಗ ಕಿವಿ, ಬಾಲ, ಸೊಂಡಿಲು ಎಲ್ಲ ಇದ್ದವು. ಸ್ವಲ್ಪ ಅಂಟು, ಅಷ್ಟೇ.

ಸಂಜೆ ಆ ಅಂಟು ಆನೆಯೇ ಗೌರಿಯ ಹತ್ತಿರ ಹೋಯಿತು. ತಟ್ಟೆಯನ್ನು ಶಿವಗಂಗಾ ಎರಡೂ ಕೈಯಲ್ಲಿ ಹಿಡಿದಿದ್ದಳು.

ಸಕ್ಕರೆ ನೀರಿನ ಬಟ್ಟಲನ್ನು ಬಸವೇಶ್ವರಿ ಕಿಟಕಿಯಲ್ಲಿಟ್ಟಿದ್ದಳು. ಇರುವೆ ಬಾರದಿರಲಿ ಎಂದು ಅಜ್ಜಿ ಅದನ್ನು ನೀರು ತುಂಬಿದ ತಟ್ಟೆಯಲ್ಲಿಟ್ಟರು. ದಿನಗಳು ಕಳೆದಂತೆ ಬಟ್ಟಲಿನ ನೀರು ಆರುತ್ತ ಬಂತು. ಒಂದು ಬೆಳಿಗ್ಗೆ ಅಂಚಿನಲ್ಲಿ ಕಲ್ಲುಸಕ್ಕರೆಯಂಥ ಹರಳುಗಳು ಹೊಳೆದವು.

“ಅಕ್ಕಾ! ಕುದುರಿ ಕಾಲು ಬರಾಕತ್ತಾವು!”

ಅದು ಯಾಕೆ ಹಾಗಾಯಿತೆಂದು ಬಸವೇಶ್ವರಿಗೆ ಗೊತ್ತಿತ್ತು. ಚಮಚದಿಂದ ಹರಳು ತೋರಿಸಿ ಹೇಳಲು ಬಾಯಿ ತೆರೆದಳು. ತಂಗಿ ಬಟ್ಟಲಿಗೆ ಮೂಗು ತಾಗಿಸಿಕೊಂಡು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಬಸವೇಶ್ವರಿ ಕೈಯಲ್ಲಿದ್ದ ಚಮಚವನ್ನು ಸದ್ದಾಗದಂತೆ ಕೆಳಗಿಟ್ಟಳು. ತಂಗಿಯ ಪಕ್ಕದಲ್ಲಿ ಕುಳಿತು ತಾನೂ ನೋಡತೊಡಗಿದಳು.