ಬೀಗ ಹಾಕಿದ ಹುಲ್ಲು

ದೇವರ ದೀಪದ ಮುಂದೆ ಕೂತು ಬರೆಯುತ್ತಿದ್ದೇನೆ, ಒಂದಕ್ಷರವನ್ನೂ ಸೇರಿಸಿಲ್ಲ. ಕಚ್ಚಾ ಎಣ್ಣೆಯ ಬೆಲೆ ಕುಸಿದ ಎಂಬತ್ತಾರರ ಮಾತು. ಒಮಾನಿನ ಬಯಲಿನಲ್ಲಿ ಅಳಿದುಹೋಗಿದ್ದ ಬಿಳಿ ಓರಿಕ್ಸ್ ಜಿಂಕೆಗಳ ಇನ್ನೊಂದು ಹಿಂಡನ್ನು ಬಿಡುವ ಮುನ್ನ, ಮೇವು ಸಾಲುವುದೇ ಎಂದು ಅಳೆಯುವುದು ನನ್ನ ಮತ್ತು ಮಂಗಳೂರಿನ ವಲೇರಿಯನ್ನನ ಕೆಲಸ. ಸಾಲದೆಂದು ಬರೆದರೆ ಯೋಜನೆಯೇ ಖಲಾಸ್. ಜಿಂಕೆಗಳು ದೊಡ್ಡಿಯಲ್ಲೇ ಮುದಿಯಾಗಬೇಕು.

ಯಾವ ಪ್ರಾಣಿಯೂ ಬಾಯಿ ಹಾಕದಂತೆ ಒಂದಿಷ್ಟು ಹುಲ್ಲಿನ ಮೇಲೆ ಕಬ್ಬಿಣದ ಪಂಜರವಿಟ್ಟು ಬೀಗ ಹಾಕಿದ್ದೆವು. ಆ ಹುಲ್ಲೇ ನಮಗೆ ಅಳತೆ. ಹೊರಗಿನದು ಹಾಗೇ ಇದ್ದರೂ ಒಳಗಿನದು ದಿನಕ್ಕೆರಡು ಬೆರಳು ಕಡಿಮೆಯಾಗುತ್ತಿತ್ತು.

ಕೀಲಿಕೈ ವಲೇರಿಯನ್ನನ ಬಳಿಯಿತ್ತು. ಊರಿಗೆ ಮರಳುವ ಆತುರವೂ ಅವನಿಗಿತ್ತು.

"ಕೊಯ್ದಿದ್ದು ನೀನೇ ಅಲ್ವೇನಯ್ಯ?" ಎಂದೆ.

"ಎಂತ ಮಾರಾಯ್ರೆ, ನಾನು ಮೀನು ತಿನ್ನುವವ. ನಂಗೆಂತಕ್ಕೆ ಹುಲ್ಲು?" ಎಂದು ನಕ್ಕು ಕೀಲಿಯನ್ನು ನನಗೇ ಕೊಟ್ಟ.

ಅದನ್ನು ಜನಿವಾರಕ್ಕೆ ಕಟ್ಟಿಕೊಂಡು ಮಲಗಿದೆ. ಬೆಳಿಗ್ಗೆ ಮಂಜಿಗೆ ಬಯಲೆಲ್ಲ ತೊಯ್ದಿತ್ತು. ಪಂಜರದೊಳಗೆ ಮಾತ್ರ ಹುಲ್ಲು ಬುಡಮಟ್ಟವಾಗಿತ್ತು, ನೆಲ ಒಣಗಿತ್ತು. ಬೀಗ ತೆಗೆದು ಅಂಗೈ ಊರಿದರೆ, ದನ ಆಗಷ್ಟೇ ಎದ್ದುಹೋದ ಜಾಗದಂತೆ ಬೆಚ್ಚಗಿತ್ತು.

ಹೊರಗಿನ ಹುಲ್ಲನ್ನೇ ಅಳೆದು, ಸಾಕೆಂದು ಬರೆದು, ದೊಡ್ಡಿ ತೆರೆದೆವು. ಹನ್ನೊಂದು ಜಿಂಕೆಗಳೂ ಮೇವಿಗೆ ಬಾಯಿ ಹಾಕದೆ ನೇರ ಪಂಜರದ ಬಳಿ ಹೋಗಿ, ಕರುವನ್ನು ನಡುವೆ ಹಾಕಿಕೊಂಡಂತೆ ಸುತ್ತ ಮಲಗಿದವು.

ಆ ಹಿಂಡಿನಲ್ಲಿ ಕರುವೇ ಇರಲಿಲ್ಲ.