ತುಟಿಯಿಲ್ಲದ ಸೇನಾಪತಿ

ಬಾಗಿಲಾಚೆ ಯಾರನ್ನೋ ಕೊಲ್ಲುತ್ತಿದ್ದಾರೆ ಎಂದೇ ಅವಳು ಮೊದಲ ದಿನ ಅಂದುಕೊಂಡಿದ್ದಳು.

ಡಬ್ಬಿಂಗ್ ಸ್ಟುಡಿಯೋದ ಕಾರಿಡಾರಿನಲ್ಲಿ ಕೈಚೀಲವನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ಒಳಗಿನಿಂದ ಒಂದು ಗುಟುರು ಬಂತು, ನೆಲದಡಿಯಿಂದ ಎದ್ದ ಹಾಗೆ. ಈ ಕೆಲಸ ತನ್ನ ಕೈಲಾಗದು, ಎದ್ದು ಮನೆಗೆ ಹೋಗಿಬಿಡೋಣ ಎನ್ನಿಸಿತು. ಅಷ್ಟರಲ್ಲಿ ಬಾಗಿಲು ತೆರೆದು, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡ ಒಬ್ಬ ಸಣಕಲು ಮನುಷ್ಯ ಹೊರಬಂದ. ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಳ್ಳುತ್ತ ಕೇಳಿದ:

"ನೀವೇನಾ ಹೊಸ ಕಿರುಚಾಟ?"

"ಹಾಂ?"

"ಕಿರುಚೋಕೆ ಬಂದವರು ನೀವೇನಾ ಅಂದೆ. ನಾನು ಕಿರುಚಿಸೋನು."

ಆ ಗುಟುರು ಈ ಗಂಟಲಿನದೇ ಎಂದು ನಂಬಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅವಳು ನಂಬುವವರೆಗೂ ಅವನು ಒಂದು ಹುಬ್ಬು ಏರಿಸಿಕೊಂಡೇ ನಿಂತಿದ್ದ.

ಬೇರೆ ಗ್ರಹದವರು ಬಂದು ಭೂಮಿಯನ್ನು ಹಿಡಿದುಕೊಂಡ ಟೀವಿ ಸೀರಿಯಲ್ ಅದು. ಎಲ್ಲೋ ದೂರದಲ್ಲಿ ತೆಗೆದದ್ದು. ಇಲ್ಲಿ ಅದಕ್ಕೆ ಮಾತು ಕೂರಿಸುವ ಕೆಲಸ. ಅವನು ಅನ್ಯಗ್ರಹದ ಸೇನಾಪತಿ. ಸ್ಟುಡಿಯೋದಲ್ಲಿ ಅದೇ ಅವನ ಹೆಸರೂ ಆಗಿತ್ತು. ಅವಳು ಮೊದಮೊದಲು ಬೀದಿಯಲ್ಲಿ ಓಡಿ ಸಾಯುವ ಜನಕ್ಕೆಲ್ಲ ದನಿಯಾದಳು. ಆಮೇಲೆ ಸೇನಾಪತಿಯ ಸೆರೆಯಲ್ಲಿರುವ ಹುಡುಗಿಯ ಪಾತ್ರ ಸಿಕ್ಕಿತು.

ಅವಳ ಕೆಲಸ ಕಷ್ಟದ್ದು. ಪರದೆಯ ಮೇಲಿನ ಹುಡುಗಿ ತುಟಿ ಮುಚ್ಚಿದಲ್ಲಿ ಅವಳೂ ಮುಚ್ಚಬೇಕು, ತೆರೆದಲ್ಲಿ ತೆರೆಯಬೇಕು. ಸೇನಾಪತಿಗೆ ಆ ಗೋಜಿಲ್ಲ. ಅವನಿಗೆ ತುಟಿಯೇ ಇರಲಿಲ್ಲ. ಮುಖದಲ್ಲಿ ಒಂದು ಸೀಳು ಅಷ್ಟೆ. ಅವನು ಏನು ಹೇಳಿದರೂ ಸೌಂಡ್ ಎಂಜಿನಿಯರ್, ಅಂದರೆ ಎಲ್ಲರ ಸೌಂಡ್ ಅಕ್ಕ, ಅದನ್ನು ಹಿಂದುಮುಂದು ಮಾಡಿ, ದನಿ ದಪ್ಪ ಮಾಡಿ, ಅನ್ಯಗ್ರಹದ ಭಾಷೆ ಮಾಡಿಬಿಡುತ್ತಿದ್ದಳು. ಅರ್ಥ ಪರದೆಯ ಕೆಳಗೆ ಬರಹದಲ್ಲಿ ಬರುತ್ತಿತ್ತು.

"ಈಗ ಏನು ಹೇಳಿದ್ರಿ?" ಎಂದು ಅವಳು ಕೇಳುವಳು.

"ನಿಮ್ಮ ಹೊಸ ಚಪ್ಪಲಿ ಕಚ್ತಿದೆ, ಕುಂಟ್ತಾ ಇದ್ದೀರಿ ಅಂದೆ."

ಅಷ್ಟಕ್ಕೇ ಪರದೆಯ ಮೇಲೆ ಒಂದು ಇಡೀ ಊರು ಹೊತ್ತಿ ಉರಿದಿರುತ್ತಿತ್ತು.

ಪ್ರತಿ ಸಾಲು ಮುಗಿದಾಗಲೂ ಅವಳು ಬೂತಿನ ಗಾಜಿನತ್ತ ತಿರುಗಿ "ಸರಿಯಾಯ್ತಾ?" ಎನ್ನುತ್ತಿದ್ದಳು. ಸರಿಯಾಗಿದ್ದರೂ ಅವಳಿಗೆ ನಂಬಿಕೆ ಬರುತ್ತಿರಲಿಲ್ಲ. ಸೌಂಡ್ ಅಕ್ಕ ಓಕೆ ಅಂದ ಮೇಲೂ, ಗಾಜಿನಾಚೆಯಿಂದ ಸೇನಾಪತಿ ಗಂಭೀರವಾಗಿ ಒಂದು ಬೆರಳು ಎತ್ತುತ್ತಿದ್ದ. ಇನ್ನೊಂದು ಟೇಕ್.

"ಚೆನ್ನಾಗೇ ಇತ್ತಲ್ಲೋ!" ಎಂದು ಅಕ್ಕ ರೇಗುವಳು.

"ಇತ್ತು ಅಕ್ಕ. ಇನ್ನೊಂದ್ಸಲ ಕೇಳೋಣ ಅಂತ."

ಆಗ ಅವಳು ಸ್ಕ್ರಿಪ್ಟಿನೊಳಗೆ ಮುಖ ಹುದುಗಿಸುತ್ತಿದ್ದಳು. ಓದುವುದಕ್ಕೆ ಅಲ್ಲ.

ಆಮೇಲೆ ಅವನ ದನಿ ಕಟ್ಟತೊಡಗಿತು. ಬಿಸಿನೀರಿಗೆ ಬಗ್ಗಲಿಲ್ಲ, ಮಾತ್ರೆಗೂ ಬಗ್ಗಲಿಲ್ಲ. ಗಂಟಲಿನಲ್ಲಿ ಗಂಟಿದೆ, ತೆಗೆಯಬೇಕು ಎಂದರು ಡಾಕ್ಟರ್. ಸೀರಿಯಲ್ಲೂ ಮುಗಿಯುತ್ತ ಬಂದಿತ್ತು. ಕೊನೆಯ ಎಪಿಸೋಡಿನಲ್ಲಿ ಸೆರೆಯ ಹುಡುಗಿ ಸೇನಾಪತಿಯನ್ನು ಕೊಲ್ಲುತ್ತಾಳೆ.

ಆ ದಿನ ಅವನು ಸಾಯುವ ಮಾತು ಹೇಳುವಾಗ ಪರದೆ ನೋಡಲಿಲ್ಲ. ಗಾಜಿನಾಚೆ ನಿಂತಿದ್ದ ಅವಳನ್ನೇ ನೋಡುತ್ತಿದ್ದ. ಹೆಡ್‌ಫೋನಿನಲ್ಲಿ ಅವಳಿಗೆ ಕೇಳಿದ್ದು ಅಕ್ಕ ತಿರುಚಿ ಹಾಕಿದ ಬರೀ ಅನ್ಯಗ್ರಹದ ಗುಟುರು. ಅದಕ್ಕೆ ಉತ್ತರವಾಗಿ ಅವಳು ತನ್ನ ಸಾಲು ಹೇಳಿದಳು: "ಸಾಯಿ. ನಮ್ಮ ನೆಲದಲ್ಲಿ ನಿನಗೆ ಜಾಗ ಇಲ್ಲ."

ಒಂದೇ ಟೇಕ್. ಅವನು ಬೆರಳು ಎತ್ತಲಿಲ್ಲ.

ಕಾರಿಡಾರಿನಲ್ಲಿ ಅವಳು ಕೇಳಿದಳು: "ಇವತ್ತು ಉದ್ದಕ್ಕೆ ಹೇಳಿದ್ರಿ. ಏನದು?"

"ಹೇಳ್ಲಾ?" ಅವನ ದನಿ ಮರಳು ಉಜ್ಜಿದಂತಿತ್ತು. ಕಣ್ಣಲ್ಲಿ ತಮಾಷೆ ಇರಲಿಲ್ಲ.

ತಾನು ಅಂದುಕೊಂಡದ್ದೇ ಆಗಿದ್ದರೆ? ಅಲ್ಲದೆ ಹೋದರೆ? ಅವಳು ಸುರಕ್ಷಿತವಾದ ದಾರಿ ಹಿಡಿದಳು.

"ಬೇಡ, ಬೇಡ. ಡಾಕ್ಟರ್ ಮಾತಾಡಬಾರದು ಅಂದಿದಾರಲ್ಲ. ಗಂಟಲು ಉಳಿಸ್ಕೊಳ್ಳಿ. ವಾಸಿಯಾದ್ಮೇಲೆ ಮೊದಲ ಮಾತೇ ಅದಾಗ್ಲಿ."

ಅವನು ವಿಧೇಯ ಹುಡುಗನ ಹಾಗೆ ತಲೆಯಾಡಿಸಿ, ಮಫ್ಲರ್ ಬಿಗಿ ಮಾಡಿಕೊಂಡು ಮೆಟ್ಟಿಲಿಳಿದ.

ಗಂಟು ಅಂದುಕೊಂಡದ್ದಕ್ಕಿಂತ ಕೆಟ್ಟದ್ದಾಗಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ.

ಅವಳ ಮೆಸೇಜುಗಳನ್ನು ಅವನು ನೋಡುತ್ತಿದ್ದ. ಉತ್ತರ ಮಾತ್ರ ಬರುತ್ತಿರಲಿಲ್ಲ. ಅವಳು ಪಾತ್ರೆ ತೊಳೆಯುತ್ತ, ಬಸ್ಸಿಗೆ ಕಾಯುತ್ತ ಅದೊಂದನ್ನೇ ಮೆಲುಕು ಹಾಕಿದಳು. ಉಳಿಸ್ಕೊಳ್ಳಿ ಅಂದವಳು ತಾನು. ಇದ್ದದ್ದು ಆ ಒಂದು ಮಧ್ಯಾಹ್ನ. ಅದನ್ನೂ ಖರ್ಚು ಮಾಡಲು ಬಿಡಲಿಲ್ಲ.

ಹೀಗಿರುವಾಗ ಆ ಸೀರಿಯಲ್ಲನ್ನು ವಿಡಿಯೋ ಗೇಮ್ ಮಾಡಿದರು. ಆಡುವವರು ಬೀದಿಬೀದಿಯಲ್ಲಿ ಅನ್ಯಗ್ರಹದವರನ್ನು ಹೊಡೆದುರುಳಿಸಬೇಕು. ಗೇಮಿನಲ್ಲಿ ಕಥೆಯ ಸರಣಿ ಇಲ್ಲ. ಒಂದೇ ಮಾತು ಬಗೆಬಗೆಯಾಗಿ ಬೇಕು. ಹತ್ತಿರದಿಂದ "ಸಾಯಿ", ದೂರದಿಂದ "ಸಾಯಿ", ಗಾಯಗೊಂಡು "ಸಾಯಿ". ಸೇನಾಪತಿಗೆ ಹೊಸ ದನಿ ಬೇಕಾಗಲಿಲ್ಲ. ಹಳೇ ರೆಕಾರ್ಡಿಂಗಿನಿಂದ ಗುಟುರುಗಳನ್ನು ತುಂಡು ತುಂಡಾಗಿ ಕತ್ತರಿಸಿ ಇಟ್ಟಿದ್ದರು.

ಬೂತಿನೊಳಗೆ ಒಬ್ಬಳೇ ನಿಂತು ಅವಳು ಆ ತುಂಡುಗಳಿಗೆ ಕಿರುಚಿದಳು. ಒಂದು ಗುಟುರಿನ ಅಂಚಿಗೆ ಸಣ್ಣದೊಂದು ಕೆಮ್ಮು ಅಂಟಿಕೊಂಡಿತ್ತು. ಅವನ ಕೆಮ್ಮು. ಅದಕ್ಕೆ "ಸಾಯಿ" ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಸೌಂಡ್ ಅಕ್ಕ ಮೈಕ್ ಆಫ್ ಮಾಡಿ ಒಳಗೆ ಬಂದಳು.

"ಆ ಕೊನೇ ಸೀನಿಂದು ಮೂಲ ನನ್ನ ಹತ್ರ ಇದೆ ಕಣೇ. ನೆಟ್ಟಗೆ ಹಾಕ್ಲಾ? ನಿಂಗೇ ಅಂತ ಹೇಳಿರೋದು."

ಅವಳ ಕೈ ಹೆಡ್‌ಫೋನಿನ ಮೇಲೆ ಬಿಗಿಯಾಯಿತು. ಕೇಳಬೇಕೆಂದು ಆಸೆಯಾಯಿತು.

"ಬೇಡ ಅಕ್ಕ."

"ಯಾಕೆ, ಭಯಾನಾ?"

"ಭಯ ಇದ್ದಿದ್ದೇ. ಆದ್ರೆ ಇದರಲ್ಲಿ ಕೇಳಿದ್ರೆ ಸತ್ತವರ ಮಾತು ಕೇಳಿದ ಹಾಗಾಗುತ್ತೆ. ಅವರು ಬದುಕಿದಾರೆ."

ಮಾರನೆಯ ಸಂಜೆ ಅವನ ಮನೆಯ ಬಾಗಿಲು ತೆರೆದದ್ದು ತಂಗಿ. "ಅಣ್ಣ ಯಾರನ್ನೂ ನೋಡಲ್ಲ ಅಂತಾನೆ," ಎಂದು ಮುಖ ಚಿಕ್ಕದು ಮಾಡಿದಳು.

"ಅವರು ನೋಡೋದು ಬೇಡ. ನಾನೇ ನೋಡ್ತೀನಿ."

ಕೋಣೆಯ ಕಿಟಕಿಗೆ ಪರದೆ ಎಳೆದಿತ್ತು. ಟೀವಿಯಲ್ಲಿ ಆ ಸೀರಿಯಲ್ಲೇ ಮರುಪ್ರಸಾರವಾಗುತ್ತಿತ್ತು, ಸದ್ದು ತೆಗೆದು. ಅವನ ಕುತ್ತಿಗೆಯಲ್ಲಿ ಮಫ್ಲರ್ ಇರಲಿಲ್ಲ, ಬಿಳಿ ಬಟ್ಟೆಯ ತುಂಡಿತ್ತು. ಅವಳನ್ನು ಕಂಡವನೇ ಅದಕ್ಕೆ ಅಂಗೈ ಮರೆ ಮಾಡಿಕೊಂಡ. ಇನ್ನೊಂದು ಕೈಯಲ್ಲಿ ಫೋನಿನ ಮೇಲೆ ಒತ್ತಿ ತೋರಿಸಿದ: 'ಹೋಗಿ. ನನ್ನ ಹತ್ರ ಏನೂ ಉಳಿದಿಲ್ಲ.'

ಅವಳು ಫೋನನ್ನು ಮೆಲ್ಲಗೆ ಅವನ ಕೈಯಿಂದ ತೆಗೆದು ಮೇಜಿನ ಮೇಲೆ ಬೋರಲು ಹಾಕಿದಳು. ಕಿಟಕಿಯ ಪರದೆ ಸರಿಸಿದಳು. ಬೂದುಬಣ್ಣದ ಬೆಳಕು ಅವನ ಮುಖದ ಮೇಲೆ ಬಿತ್ತು. ತುಂಬ ಸೊರಗಿದ್ದ.

"ಉಳಿಸ್ಕೊಳ್ಳಿ ಅಂದವಳು ನಾನು. ಬೈಯೋದಿದ್ರೆ ಬೈದುಬಿಡಿ, ಆದ್ರೆ ಫೋನಲ್ಲಿ ಬೇಡ." ಅವಳು ಕುರ್ಚಿ ಎಳೆದು ಎದುರಿಗೇ ಕೂತಳು. "ನಿಮ್ಮ ಸೇನಾಪತಿಗೆ ತುಟಿ ಇರ್ಲಿಲ್ಲ. ನಿಮಗಿದೆ. ಅವತ್ತು ಹೇಳಿದ್ದನ್ನ ಹೇಳಿ. ಸದ್ದು ಕೂರಿಸೋದು ನನ್ನ ಕೆಲಸ."

ಅವನು ಗೋಡೆಯ ಕಡೆ ತಿರುಗಿದ. ಅವಳು ಕಾದಳು. ಎದ್ದು ಹೋಗಬೇಕೇನೋ, ತಪ್ಪು ಮಾಡಿದೆನೇನೋ ಎಂದುಕೊಳ್ಳುತ್ತಲೇ ಕಾದಳು.

ಕೊನೆಗೆ ಅವನು ಇತ್ತ ತಿರುಗಿದ. ತುಟಿ ಅಲುಗಿತು.

"ಸಿಗ್ಲಿಲ್ಲ," ಎಂದಳು, ಕಣ್ಣೊರೆಸಿಕೊಳ್ಳುತ್ತ. "ಇನ್ನೊಂದ್ಸಲ. ಸ್ವಲ್ಪ ನಿಧಾನ."

ಎರಡನೆಯ ಸಲ ಅವಳು ಅವನನ್ನು ಸ್ಟುಡಿಯೋದ ಪರದೆಯನ್ನು ನೋಡುವಂತೆ ನೋಡಿದಳು. ತುಟಿ ಎಲ್ಲಿ ಕೂಡುತ್ತದೆ, ಎಲ್ಲಿ ಬಿಡುತ್ತದೆ. ಅರೆ ಉಸಿರು ಹಿಂದೆ ಉಳಿದು, ಅವನ ಮಾತಿಗೆ ತನ್ನ ದನಿ ಕೊಟ್ಟಳು.

"ಭೂಮಿ... ನನಗೆ ಬೇಡ. ಪೂರ್ತಿ ಬಿಟ್ಟುಬಿಡ್ತೀನಿ. ಆ ಗಾಜಿನ ಮುಂದೆ ನಿಂತು ಸರಿಯಾಯ್ತಾ ಅನ್ನೋಳು... ಒಬ್ಬಳು ಸಾಕು."

ಉಸಿರು ತೆಗೆದುಕೊಂಡಳು. ಅವನೂ ತೆಗೆದುಕೊಂಡ.

"ನೀನು..."

ತಡೆದಳು. ಇಷ್ಟು ಕಾಲ ಅವನಿಗೆ ಅವಳು 'ನೀವು'. 'ವು' ಎನ್ನುವಾಗ ಹಲ್ಲು ಕೆಳತುಟಿಗೆ ತಾಗಬೇಕು. ತಾಗಿರಲಿಲ್ಲ. ಅವಳ ಕಣ್ಣು ಇಂಥದ್ದರಲ್ಲಿ ತಪ್ಪುವುದಿಲ್ಲ.

"ನೀನು ನನ್ನ ಜೊತೆ ಇರ್ತೀಯಾ?"

ಮಾತು ಅವನದು, ದನಿ ಅವಳದು, ಕೇಳಿಸಿಕೊಂಡವಳೂ ಅವಳೇ. ಇನ್ನು ಉತ್ತರದ ಸಾಲು. ಅದಕ್ಕೆ ಸ್ಕ್ರಿಪ್ಟ್ ಇರಲಿಲ್ಲ.

"ಇರ್ತೀನಿ," ಎಂದಳು. ದನಿ ನಡುವೆಯೇ ಒಡೆದುಹೋಯಿತು. ಅಭ್ಯಾಸಬಲದಿಂದ ಮುಖವೆತ್ತಿ ಕೇಳಿದಳು: "ಸರಿಯಾಯ್ತಾ?"

ಟೀವಿಯಲ್ಲಿ ಸೇನಾಪತಿ ಸದ್ದಿಲ್ಲದೆ ನೆಲಕ್ಕುರುಳುತ್ತಿದ್ದ. ಅತ್ತ ಯಾರೂ ನೋಡಲಿಲ್ಲ.

ಅವನು ಕುತ್ತಿಗೆಯ ಮೇಲಿದ್ದ ಕೈಯನ್ನು ತೆಗೆದ. ಬಹಳ ಗಂಭೀರವಾಗಿ, ಒಂದು ಬೆರಳು ಎತ್ತಿದ.